ಹಾಡಿಗೆ ಅಂಟಿದ ನೆನಪನ್ನು ಎಲ್ಲಿಡುವುದು? ಕ್ಯಾಸೆಟ್, ಫೈಲ್, ಆ್ಯಪ್, ನೋಟ್‌ಬುಕ್ ನಾಲ್ಕನ್ನೂ ಬಳಸಿ ನೋಡಿದೆ

ನನ್ನ ಹತ್ತಿರ ಇರುವ ಹಾಡುಗಳಲ್ಲಿ ಹೆಚ್ಚಿನವು ಸುಮ್ನೆ ಹಾಡುಗಳು. ಕೇಳಿದರೆ ಖುಷಿ, ಕೇಳದಿದ್ದರೂ ನಷ್ಟವಿಲ್ಲ. ಒಂದಿಷ್ಟು ಮಾತ್ರ ಹಾಗಲ್ಲ. ಶುರುವಿನ ವಾದ್ಯದ ತುಣುಕು ಕಿವಿಗೆ ಬಿದ್ದರೆ ಸಾಕು, ಯಾವುದೋ ಕೋಣೆ, ಯಾವುದೋ ಸಂಜೆ, ಯಾರದೋ ದನಿ ಎದುರಿಗೆ ಬಂದು ನಿಲ್ಲುತ್ತದೆ. ಹಾಡು ಕಳೆದುಹೋದರೆ ಇನ್ನೆಲ್ಲಾದರೂ ಸಿಕ್ಕೀತು. ಅದಕ್ಕೆ ಅಂಟಿದ ನೆನಪು ಕಳೆದುಹೋದರೆ ಎಲ್ಲಿ ಅಂತ ಹುಡುಕುವುದು?

ಹೋದ ವರ್ಷ ಅಂಥ ಹನ್ನೆರಡು ಹಾಡು ಆರಿಸಿಕೊಂಡೆ. ಆರು ತಿಂಗಳು ಅವನ್ನು ನಾಲ್ಕು ರೀತಿಯಲ್ಲಿ ಇಟ್ಟು ನೋಡಿದೆ: ಹಳೆಯ ಕ್ಯಾಸೆಟ್, ಲ್ಯಾಪ್‌ಟಾಪ್‌ನಲ್ಲಿ ಎಂಪಿ3 ಫೋಲ್ಡರ್, ಸ್ಟ್ರೀಮಿಂಗ್ ಆ್ಯಪ್‌ನ ಪ್ಲೇಲಿಸ್ಟ್, ಮತ್ತೆ ಒಂದು ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಹಾಡು ಕೇಳಿಸುವುದಿಲ್ಲ ನಿಜ, ಅದರ ಮಾತು ಆಮೇಲೆ. ಯಾವುದರಲ್ಲಿ ಸೌಂಡ್ ಚೆನ್ನಾಗಿದೆ ಅಂತ ನಾನು ನೋಡಲಿಲ್ಲ. ನೆನಪು ಯಾವುದರಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಅಂತಷ್ಟೇ ನೋಡಿದೆ.

ಮೊದಲು ಕ್ಯಾಸೆಟ್. ನನ್ನದು 60 ನಿಮಿಷದ್ದು, ಒಂದು ಸೈಡಿಗೆ 30. ರೇಡಿಯೋ ಎದುರು ಟೇಪ್ ರೆಕಾರ್ಡರ್ ಇಟ್ಟು ಅದರ ಮೈಕಿನಲ್ಲೇ ಹಿಡಿದದ್ದು. ಹಾಗಾಗಿ ಹಾಡಿನ ಜೊತೆ ಮನೆಯೂ ರೆಕಾರ್ಡ್ ಆಗಿಬಿಟ್ಟಿದೆ. ಬಾಗಿಲು ಕಿರುಗುಟ್ಟಿದ್ದು, ಯಾರೋ ಕುರ್ಚಿ ಎಳೆದದ್ದು, ಎಲ್ಲ ಇದೆ. ಸೈಡ್ ಬಿಯ ಮೂರನೇ ಹಾಡಿನಲ್ಲಿ, ಎರಡನೇ ಚರಣ ಮುಗಿದು ಪಲ್ಲವಿಗೆ ಮರಳುವ ಮುಂಚೆ, ಬರೀ ಕೊಳಲು ಕೇಳಿಸುವ ಜಾಗವೊಂದಿದೆ. ಅಲ್ಲಿ ಅಪ್ಪನ ದನಿ: "ಕೊಡೆ ತಗೊಂಡ್ಯೇನೇ?" ಅಕ್ಕ ಏನೋ ಹೇಳುತ್ತಾಳೆ. ಅಷ್ಟರಲ್ಲಿ ಪಲ್ಲವಿ ಬಂದು ಅವಳ ಮಾತು ಮುಚ್ಚಿಹೋಗುತ್ತದೆ. ರೆಕಾರ್ಡಿಂಗ್ ಹಾಳಾಯಿತು ಅಂತ ಆವತ್ತು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅಪ್ಪ ಈಗಿಲ್ಲ. ಅವರ ದನಿ ಅಂತ ನನ್ನ ಹತ್ತಿರ ಉಳಿದಿರುವುದು ಆ ಎರಡು ಸೆಕೆಂಡು ಮಾತ್ರ.

ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಎರಡು ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್. ಹೆಚ್ಚುಕಡಿಮೆ ನನ್ನ ಅಂಗೈ ಅಗಲ. ಅಪ್ಪನ ದನಿ ಅಷ್ಟು ರೀಲಿನಲ್ಲಿದೆ.

ಕ್ಯಾಸೆಟ್ಟಿಗೆ ಇನ್ನೊಂದು ಗುಣ ಇದೆ. ಹಾಡುಗಳ ಸಾಲು ಬದಲಾಗುವುದಿಲ್ಲ. ಒಂದು ಮುಗಿಯುತ್ತಿದ್ದಂತೆ ಮುಂದಿನದು ತಲೆಯೊಳಗೆ ಶುರುವಾಗಿಬಿಡುತ್ತದೆ. ಟೇಪಿನಲ್ಲೂ ಹಾಗೇ ಆಗುವುದುಂಟು. ವರ್ಷಗಟ್ಟಲೆ ಸುತ್ತಿಟ್ಟ ರೀಲಿನಲ್ಲಿ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೂ ಸ್ವಲ್ಪ ಹತ್ತುತ್ತದೆ. ಅದಕ್ಕೇ ಹಾಡು ಶುರುವಾಗುವ ಒಂದು ಗಳಿಗೆ ಮುಂಚೆ ಅದರದೇ ಸಣ್ಣ ಗುನುಗು ಕೇಳಿಸುತ್ತದೆ. ನನಗೆ ಅದು ತುಂಬಾ ಇಷ್ಟ.

ಆದರೆ ಎರಡನೇ ವಾರದಲ್ಲೇ ರೀಲು ಮೆಷಿನ್ನಿಗೆ ಸಿಕ್ಕಿಕೊಂಡಿತು. ನಿಧಾನಕ್ಕೆ ಬಿಡಿಸಿ, ಪೆನ್ಸಿಲ್ ಹಾಕಿ ಸುತ್ತಿದೆ. ಕೈ ನಡುಗುತ್ತಿತ್ತು. ಸಿಕ್ಕಿಕೊಂಡದ್ದು ಸೈಡ್ ಎ ಹಾಡಿನ ಜಾಗದಲ್ಲಿ ಅಂದುಕೊಂಡಿದ್ದೆ. ರೀಲು ಒಂದೇ ಅಲ್ವಾ, ಎರಡು ಸೈಡೂ ಅದರಲ್ಲೇ ಅಕ್ಕಪಕ್ಕ ಇರುತ್ತವೆ ಅಂತ ಆಮೇಲೆ ಹೊಳೆಯಿತು. ಅವತ್ತಿನಿಂದ ಅದನ್ನು ಹಾಕಲು ಧೈರ್ಯ ಬರಲಿಲ್ಲ. ನೆನಪನ್ನು ಎಲ್ಲಕ್ಕಿಂತ ಚೆನ್ನಾಗಿ ಹಿಡಿದಿಟ್ಟದ್ದು ಕ್ಯಾಸೆಟ್ಟೇ, ಆದರೆ ಅದನ್ನು ಕೇಳಲಾಗದು.

ಸಿಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನವೆಲ್ಲ ಕೊಂಡು ತಂದವು, ಅವುಗಳಲ್ಲಿ ಮನೆಯ ಸದ್ದಿಲ್ಲ.

ರೀಲು ಸಿಕ್ಕಿಕೊಳ್ಳುವ ಮುಂಚೆಯೇ ಕ್ಯಾಸೆಟ್ಟನ್ನು ಎಂಪಿ3 ಮಾಡಿಕೊಂಡಿದ್ದೆ. ನನ್ನ ಮೆಷಿನ್ನಿನಲ್ಲಿ 60 ನಿಮಿಷದ ಟೇಪಿಗೆ 60 ನಿಮಿಷ ಬೇಕೇ ಬೇಕು, ಬೇಗ ಮುಗಿಸುವ ದಾರಿಯಿಲ್ಲ. ಫೈಲಿನ ಒಳಗೇ ಟಿಪ್ಪಣಿ ಬರೆಯಲು ಜಾಗ ಇರುವುದು ನನಗೆ ಬಹಳ ಹಿಡಿಸಿತು. ಆ ಜಾಗಕ್ಕೆ ಐಡಿ3 ಟ್ಯಾಗ್ ಅನ್ನುತ್ತಾರೆ. 1996ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿ ಟಿಪ್ಪಣಿಗೆ 30 ಅಕ್ಷರವಷ್ಟೇ ಇತ್ತು. ಆಮೇಲಿನ ಆವೃತ್ತಿಯಲ್ಲಿ ಕನ್ನಡದಲ್ಲೇ ಉದ್ದಕ್ಕೆ ಬರೆಯಬಹುದು. ಫೈಲನ್ನು ಎಲ್ಲಿಗೆ ಕಾಪಿ ಮಾಡಿದರೂ ಟಿಪ್ಪಣಿ ಜೊತೆಗೇ ಬರುತ್ತದೆ. ಹನ್ನೆರಡಕ್ಕೂ ಬರೆದೆ. ಆದರೆ ನನ್ನ ಫೋನಿನ ಪ್ಲೇಯರ್ ಆ ಟಿಪ್ಪಣಿಯನ್ನು ತೋರಿಸುವುದೇ ಇಲ್ಲ. ಲ್ಯಾಪ್‌ಟಾಪ್ ತೆಗೆದು, ಫೈಲಿನ ವಿವರಕ್ಕೆ ಹೋಗಿ ನೋಡಬೇಕು. ಆರು ತಿಂಗಳಲ್ಲಿ ಎರಡು ಸಲ ನೋಡಿದ್ದೇನೆ.

ಇನ್ನೊಂದು ಘಟನೆ ಹೇಳಲೇಬೇಕು. ಹಾಡುಗಳ ಸಂಗ್ರಹವನ್ನು ಅಚ್ಚುಕಟ್ಟು ಮಾಡುವ ಒಂದು ಆ್ಯಪ್ ಹಾಕಿಕೊಂಡೆ. ಅದು ನನ್ನ ಹಾಡುಗಳನ್ನು ಗುರುತಿಸಿ, ಇದಕ್ಕಿಂತ ಚೆನ್ನಾಗಿರುವ ಪ್ರತಿ ಇದೆ, ಬದಲಿಸಲೇ ಅಂತ ಕೇಳಿತು. ಹೂಂ ಅಂದೆ. ಮರುದಿನ ಸೈಡ್ ಬಿಯ ಮೂರನೇ ಹಾಡು ಹಾಕಿದೆ. ಕೊಳಲು ಎಷ್ಟು ಸ್ವಚ್ಛವಾಗಿ ಕೇಳಿಸಿತು! ಅಪ್ಪ ಇರಲಿಲ್ಲ. ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇದ್ದದ್ದರಿಂದ ಬಚಾವಾದೆ. ಸ್ವಂತ ರೆಕಾರ್ಡಿಂಗ್ ಇರುವವರು ದಯವಿಟ್ಟು ಎರಡು ಕಡೆ ಇಟ್ಟುಕೊಳ್ಳಿ. ಫೈಲಿನ ಹೆಸರಲ್ಲಿ ಹಾಡಿನ ಹೆಸರು ಹಾಕಲೇಬೇಡಿ. ನಾನು ಈಗ "ಕೊಡೆ" ಅಂತ ಇಟ್ಟಿದ್ದೇನೆ.

ಸ್ಟ್ರೀಮಿಂಗ್ ಆ್ಯಪ್‌ಗೆ ಅದರದೇ ಉಪಕಾರ ಇದೆ. ಒಂದೇ ಸಾಲು ನೆನಪಿದ್ದ, ಹೆಸರು ಮರೆತ ಹಾಡೊಂದು ಅದರಲ್ಲಿ ಅರ್ಧ ನಿಮಿಷಕ್ಕೆ ಸಿಕ್ಕಿತು. ಹನ್ನೆರಡರಲ್ಲಿ ಹನ್ನೊಂದು ಹಾಡು ಅಲ್ಲಿದ್ದವು. ಎರಡು ತಿಂಗಳ ನಂತರ ಒಂದು ಹಾಡಿನ ಹೆಸರು ಮಸುಕಾಯಿತು, ಒತ್ತಿದರೆ ಹಾಡುವುದಿಲ್ಲ. ಹಕ್ಕಿನ ಒಪ್ಪಂದ ಮುಗಿದರೆ ಹೀಗಾಗುತ್ತದೆ. ನಾವು ಅಲ್ಲಿ ಹಾಡು ಇಟ್ಟುಕೊಂಡಿರುವುದಿಲ್ಲ, ಹಾಡಿಗೆ ಹೋಗುವ ದಾರಿ ಇಟ್ಟುಕೊಂಡಿರುತ್ತೇವೆ.

ಅದನ್ನಾದರೂ ಸಹಿಸಬಹುದು. ನನಗೆ ದುಃಖವಾದದ್ದು ಬೇರೆಯದಕ್ಕೆ. ಹಾಸ್ಟೆಲಿನ ಕೊನೆಯ ರಾತ್ರಿ ಗೆಳೆಯನೊಬ್ಬ ಹಾಡಿದ್ದ ಹಾಡು ಆ ಪ್ಲೇಲಿಸ್ಟಿನಲ್ಲಿತ್ತು. ಕಟ್ಟಿಟ್ಟ ಪೆಟ್ಟಿಗೆಗಳು, ಹಾಸಿಗೆ ಸುತ್ತಿದ ಬರಿಯ ಮಂಚ, ಆ ಮಂಚದ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ ಅವನು. ಹದಿನೆಂಟು ವರ್ಷ ಈ ಚಿತ್ರ ಸವೆದಿರಲಿಲ್ಲ. ಕೈಗೆ ಸುಲಭವಾಗಿ ಸಿಗುತ್ತದಲ್ಲ ಅಂತ ಆ ಹಾಡನ್ನು ದಿನಾ ಪಾತ್ರೆ ತೊಳೆಯುವಾಗ ಹಾಕತೊಡಗಿದೆ. ಒಂದು ತಿಂಗಳಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಅದೇ ಹಾಡು ಕೇಳಿಸಿತು. ಕಣ್ಣಿಗೆ ಬಂದದ್ದು ನನ್ನ ಸಿಂಕು, ನೊರೆ, ನಲ್ಲಿ. ಮಂಚವನ್ನು ನಾನೇ ಹುಡುಕಿ ತಂದುಕೊಳ್ಳಬೇಕಾಯಿತು. ಒಂದು ಸುಳಿವಿಗೆ ಅಂಟಿಕೊಂಡ ನೆನಪುಗಳು ಹೆಚ್ಚಾದಷ್ಟೂ ಒಂದೊಂದನ್ನೂ ಹೊರಗೆಳೆಯುವುದು ಕಷ್ಟವಾಗುತ್ತದೆ ಅನ್ನುತ್ತಾರೆ ಮನಶ್ಶಾಸ್ತ್ರ ಓದಿದವರು. ನನ್ನ ಹಾಡಿಗೆ ಆದದ್ದು ಅದೇ. ಆ ಹಾಡು ಕೇಳುವುದನ್ನು ನಿಲ್ಲಿಸಿದ್ದೇನೆ. ಮಂಚ ಸ್ವಲ್ಪ ಮರಳಿದೆ, ಅವನ ಕಾಲು ಇನ್ನೂ ಬಂದಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ನೆನಪಿನ ಹಾಡುಗಳು ಕೈಗೆ ತೀರಾ ಹತ್ತಿರ ಇರಬಾರದು. ಹನ್ನೆರಡನ್ನೂ ಆ್ಯಪ್‌ನಿಂದ ತೆಗೆದೆ. ಹೊಸ ಹಾಡುಗಳಿಗೆ ಆ್ಯಪ್ ಇರಲಿ, ಅದಕ್ಕೆ ಅದೇ ಸರಿ. ಹಳೆಯವು ಫೋಲ್ಡರಿನಲ್ಲಿ, ಬೇಕೆಂದಾಗ ಎದ್ದು ಹೋಗಿ ಕೇಳುವ ಹಾಗೆ.

ಇನ್ನು ನೋಟ್‌ಬುಕ್. ಹಾಡಿಗೆ ಒಂದು ಪುಟ. ಹಾಡನ್ನು ಕೇಳುವ ಮುಂಚೆ ಎಡಕ್ಕೆ ಬರೆಯುತ್ತಿದ್ದೆ, ಕೇಳಿ ಆದ ಮೇಲೆ ಬಲಕ್ಕೆ. ಎಡಕ್ಕೆ ಬರುತ್ತಿದ್ದದ್ದು ಕಥೆ: ಯಾವ ವರ್ಷ, ಯಾರು ಇದ್ದರು. ಬಲಕ್ಕೆ ಬರುತ್ತಿದ್ದದ್ದು ವಸ್ತುಗಳು: ಹಳದಿ ಬಲ್ಬು, ಒದ್ದೆ ಚಪ್ಪಲಿ, ತುಂಡಾದ ಪೆನ್ನಿನ ಮುಚ್ಚಳ. ಬಲಗಡೆಯದೇ ನನಗೆ ಹೆಚ್ಚು ಬೆಲೆಯದು. ಇದಕ್ಕೂ ಒಂದು ದೋಷ ಇದೆ. ಎರಡು ಹಾಡುಗಳಿಗೆ ಉದ್ದುದ್ದ ವಾಕ್ಯ ಬರೆದಿದ್ದೆ. ಈಗ ಅವನ್ನು ಕೇಳಿದರೆ ನಾನು ಬರೆದ ವಾಕ್ಯವೇ ನೆನಪಿಗೆ ಬರುತ್ತದೆ, ಆ ದಿನ ಬರುವುದಿಲ್ಲ. ಈಗ ಬಿಡಿ ಪದಗಳನ್ನಷ್ಟೇ ಬರೆಯುತ್ತೇನೆ. ಫೋಲ್ಡರ್ ಮತ್ತು ನೋಟ್‌ಬುಕ್ ಜೊತೆಯಾದರೆ ಸಾಕು ಅನ್ನಿಸಿದೆ. ಸ್ವಂತ ರೆಕಾರ್ಡಿಂಗ್ ಇಲ್ಲದವರಿಗೆ ಆ್ಯಪ್ ಮತ್ತು ನೋಟ್‌ಬುಕ್ ಆದರೂ ನಡೆಯುತ್ತದೆ, ದಿನಾ ಹಾಕದಿದ್ದರೆ.

ಹೋದ ತಿಂಗಳು ಅಕ್ಕ ಬಂದಿದ್ದಳು. "ಕೊಡೆ" ಫೈಲ್ ಹಾಕಿದೆ. ಕೊಳಲಿನ ಜಾಗ ಬಂತು. ಅವಳು ಏನೂ ಹೇಳದೆ ಕೈಸನ್ನೆಯಲ್ಲೇ ಇನ್ನೊಂದ್ಸಲ ಅಂದಳು. ಮೂರು ಸಲ ಕೇಳಿದೆವು. ಆಮೇಲೆ ಆ ಹಾಡಿನ ಪುಟ ತೋರಿಸಿದೆ. ಬಲಗಡೆ ಮೊದಲ ಪದವೇ "ಮಳೆ".

"ಮಳೆ ಎಲ್ಲಿತ್ತೋ? ಸುಡುಬಿಸಿಲು. ಕಣ್ಣು ನೋವು ಅಂತ ಡಾಕ್ಟರ ಹತ್ರ ಹೊರಟಿದ್ದೆ. ಬೇಡಪ್ಪ, ಹತ್ರಾನೇ ಅಲ್ವಾ ಅಂದೆ."

ಇಷ್ಟು ವರ್ಷ ಪಲ್ಲವಿಯ ಕೆಳಗೆ ಮುಚ್ಚಿಹೋಗಿದ್ದ ಮಾತು ಅದು. ಪೆನ್ನನ್ನು ಅವಳ ಕೈಗೆ ಕೊಟ್ಟೆ. ನನ್ನ "ಮಳೆ"ಯನ್ನು ಅವಳು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲೇ ಈಗ ಅವಳ ದುಂಡು ಅಕ್ಷರದಲ್ಲಿ "ಬಿಸಿಲು" ಅಂತ ಇದೆ.