ಹಳೇ ಪೋರ್ಶೆ 944ಕ್ಕೆ ಹೊಸ ಪೆಟ್ರೋಲ್ ಹೋಸು: ಮೂರು ವರ್ಷ ಓಡಿಸಿದ ಮೇಲೆ

ಮೊದಲು ಗೊತ್ತಾಗಿದ್ದು ನನ್ನ ಹೆಂಡತಿಗೆ. ಇಲ್ಲಿ ನ್ಯೂಜೆರ್ಸಿಯ ಮನೆಯಲ್ಲಿ ಬಟ್ಟೆ ಒಗೆಯೋ ಮೆಷಿನ್ ಗ್ಯಾರೇಜಿಗೆ ಅಂಟಿಕೊಂಡೇ ಇದೆ. "ಬಟ್ಟೆಗೆಲ್ಲ ಪೆಟ್ರೋಲ್ ಬಂಕಿನ ವಾಸನೆ ಕಣ್ರೀ" ಎಂದಳು. ಹಳೇ ಕಾರು ಅಂದ್ರೆ ಇಷ್ಟೆಲ್ಲ ಇದ್ದದ್ದೇ ಎಂದು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ವಾರ ಬಿಟ್ಟು ಬಾನೆಟ್ ಎತ್ತಿದರೆ, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳಿಗೆ ಅದನ್ನು ಹಂಚುವ ಕೊಳವೆ, ಅಂದರೆ ರೇಲಿಗೆ ಬಂದು ಸೇರುವ ಹೋಸು ಸಣ್ಣಗೆ ಬೆವರಿತ್ತು. ಬೆರಳಿಟ್ಟೆ, ತಣ್ಣಗಿತ್ತು. ಮೂಸಿದೆ. ನೀರಂತೂ ಅಲ್ಲ.

ಕಾರು 1987ರದ್ದು. ಟರ್ಬೊ ಅಲ್ಲ, ಸಾದಾ 2.5 ಲೀಟರಿನ ನಾಲ್ಕು ಸಿಲಿಂಡರ್. 944 ತಯಾರಾಗಿದ್ದು 1982ರಿಂದ 1991ರವರೆಗೆ. ಅಂದರೆ ಕೊನೆಯ ಕಾರಿನ ರಬ್ಬರಿಗೂ ಈಗ ಮೂವತ್ತು ದಾಟಿದೆ. ಇದರಲ್ಲಿ ಪಂಪ್ ಓಡುತ್ತಿರುವಾಗ ಹೋಸಿನೊಳಗೆ ಸುಮಾರು 2.5 ಬಾರ್ ಒತ್ತಡ ಇರುತ್ತದೆ, ಹೆಚ್ಚುಕಡಿಮೆ ಟೈರಿನಲ್ಲಿ ಇರುವಷ್ಟು. ಸೀಳಿದರೆ ಹನಿ ಬೀಳಲ್ಲ, ಪಿಚಕಾರಿ ಹಾರುತ್ತದೆ. ಪಕ್ಕದಲ್ಲೇ ಕಾದ ಎಂಜಿನ್. ಈ ಮಾಡೆಲ್ ಇಟ್ಟುಕೊಂಡವರು ಬೆಂಕಿಯ ಮಾತು ಬಂದ ಕೂಡಲೇ ಈ ಹೋಸಿನ ಹೆಸರು ಎತ್ತುವುದು ಸುಮ್ನೆ ಅಲ್ಲ.

ನಾನು ಎರಡು ಬಗೆಯ ಮಾಲು ತಂದೆ. ಎಂಜಿನ್ ಹತ್ತಿರ ಒಂದು ಹೋಸು ಪೆಟ್ರೋಲ್ ತರುತ್ತದೆ, ಇನ್ನೊಂದು ವಾಪಸ್ ಟ್ಯಾಂಕಿಗೆ ಕಳಿಸುತ್ತದೆ. ಈ ಎರಡಕ್ಕೆ ತುದಿಯಲ್ಲಿ ಲೋಹದ ಫಿಟಿಂಗ್ ಒತ್ತಿ ಕೂರಿಸಿದ ರೆಡಿ ಜೋಡಿ. ಕೆಳಗಡೆ ಟ್ಯಾಂಕಿನಿಂದ ಪಂಪಿಗೆ ಹೋಗುವಂಥ ತುಂಡುಗಳಿಗೆ ಅಡಿ ಲೆಕ್ಕದಲ್ಲಿ ಮಾರುವ ಹೋಸು. ಇದನ್ನು ಕೊಳ್ಳುವಾಗ ಮೈ ಮೇಲಿನ ಅಕ್ಷರ ಓದಲೇಬೇಕು. 'ಎಸ್‌ಎಇ ಜೆ30 ಆರ್7' (ಇದು ಹೋಸಿನ ದರ್ಜೆಯ ಗುರುತು) ಎಂದಿದ್ದರೆ ಕಾರ್ಬ್ಯುರೇಟರ್ ಗಾಡಿಗೆ ಸಾಕು, 50 ಪಿಎಸ್‌ಐ ಮಟ್ಟದ್ದು (ಒಂದು ಬಾರ್ ಅಂದ್ರೆ ಸುಮಾರು 14.5 ಪಿಎಸ್‌ಐ). ನನ್ನದರಂಥ ಇಂಜೆಕ್ಷನ್ ಗಾಡಿಗೆ 'ಆರ್9' ಬೇಕು. ಅದು 100 ಪಿಎಸ್‌ಐ ತಡೆಯುತ್ತದೆ, ಒಳಗೆ ಫ್ಲೋರಿನ್ ರಬ್ಬರಿನ ಪದರ ಇರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕರ್ರಗೆ ಕಾಣುತ್ತವೆ, ಅದೇ ತಾಪತ್ರಯ.

ಕೆಲಸ ಒಂದು ಭಾನುವಾರ ಪೂರ್ತಿ ತಿಂದಿತು. ಎಂಜಿನ್ ರಾತ್ರಿಯಿಡೀ ಆರಿತ್ತು. ಗ್ಯಾರೇಜ್ ಬಾಗಿಲು ತೆರೆದಿಟ್ಟೆ, ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡೆ. ಪಂಪಿನ ರಿಲೇ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್) ಕಿತ್ತು, ಎರಡು ಸಲ ಸ್ಟಾರ್ಟ್ ಹೊಡೆದು ಒತ್ತಡ ಇಳಿಸಿದೆ. ಆಮೇಲೆ ಬ್ಯಾಟರಿ ವೈರ್ ಬಿಚ್ಚಿದೆ. ನಟ್ಟು ಬಿಚ್ಚಲು ಎರಡು ಸ್ಪ್ಯಾನರ್ ಬೇಕೇ ಬೇಕು: ಒಂದು ತಿರುಗಿಸಲು, ಇನ್ನೊಂದು ಎದುರಿನದನ್ನು ಅಲ್ಲಾಡದಂತೆ ಹಿಡಿಯಲು. ಇಲ್ಲದಿದ್ದರೆ ಲೋಹದ ಪೈಪೇ ತಿರುಚಿಕೊಂಡು ಹೋಗುತ್ತದೆ. ಆಗ ಹೋಸಿನ ಖರ್ಚು ಹೋಗಿ ಪೈಪಿನ ಖರ್ಚು ಬರುತ್ತದೆ.

ಬಿಚ್ಚಿದ ಹಳೇ ಹೋಸು ನೋಡಲು ಪರವಾಗಿರಲಿಲ್ಲ. ಕೈಯಲ್ಲಿ ಹಿಡಿದು ಬಗ್ಗಿಸಿದೆ. ಚಳಿಗಾಲದ ಹಿಮ್ಮಡಿಯ ಹಾಗೆ ಸಾಲುಸಾಲು ಬಿರುಕು ಬಾಯಿ ಬಿಟ್ಟವು. ಬಿಟ್ಟರೆ ಮತ್ತೆ ಮುಚ್ಚಿಕೊಂಡವು. ಇದಕ್ಕೇ ನಾನು ಮೂರು ಬೇಸಿಗೆ ಬಟ್ಟೆಯಲ್ಲಿ ಒರೆಸಿ 'ಚೆನ್ನಾಗಿದೆ' ಎಂದು ಸರ್ಟಿಫಿಕೇಟ್ ಕೊಟ್ಟಿದ್ದು!

ಹೊಸ ಜೋಡಿಯಲ್ಲಿ ಒಂದು ಬೆರಳಗಲ ಉದ್ದ ಜಾಸ್ತಿ ಇತ್ತು. ಆರು ತಿಂಗಳಲ್ಲಿ ಪಕ್ಕದ ಕಬ್ಬಿಣದ ಪಟ್ಟಿಗೆ ಉಜ್ಜಿ ಗುರುತು ಮೂಡಿತು. ಹಳೇ ರೇಡಿಯೇಟರ್ ಹೋಸಿನ ತುಂಡು ಸೀಳಿ ತೋಳಿನ ಹಾಗೆ ತೊಡಿಸಿದೆ. ಗುರುತು ಅಲ್ಲಿಗೇ ನಿಂತಿದೆ. ಮಾರಿದವರಿಗೆ ಬರೆದರೆ "ಎಲ್ಲರಿಗೂ ಸರಿ ಹೋಗಿದೆ" ಎಂಬ ಉತ್ತರ ಬಂತು. ಐದರಲ್ಲಿ ಒಂದು ಅಂಕ ಕಳೆದಿದ್ದು ಇದಕ್ಕೇ. ಕ್ಲಾಂಪಿನ ವಿಷಯದಲ್ಲಿ ತಪ್ಪು ನನ್ನದೇ. ಮೊದಲು ಮಾಮೂಲಿ ಸ್ಕ್ರೂ ಕ್ಲಾಂಪ್ ಹಾಕಿದ್ದೆ. ಅದರ ಪಟ್ಟಿಯ ಸೀಳುಗಳು ರಬ್ಬರನ್ನು ಕಚ್ಚುತ್ತವೆ. ಅಂಚು ಮಡಿಸಿದ, ಇಂಜೆಕ್ಷನ್ ಹೋಸಿಗೆಂದೇ ಮಾಡಿದ ಕ್ಲಾಂಪಿಗೆ ಬದಲಾಯಿಸಿದೆ. ಬೆಲೆ ತುಸು ಜಾಸ್ತಿ, ಅಷ್ಟೇ.

ಮೂರು ಚಳಿಗಾಲ, ಹನ್ನೊಂದು ಸಾವಿರ ಮೈಲಿ ಆಯಿತು. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಮೊನ್ನೆ ಬಗ್ಗಿಸಿ ನೋಡಿದೆ, ಹೋಸು ಇನ್ನೂ ಮೆತ್ತಗಿದೆ, ಬೆವರಿಲ್ಲ, ವಾಸನೆಯಿಲ್ಲ. ಶಿವಮೊಗ್ಗದಲ್ಲಿ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿರುವ ನನ್ನ ಭಾವ ಫೋನ್ ಮಾಡಿ ಕೇಳಿದರು, "ಅಲ್ಲಯ್ಯಾ, ಇಲ್ಲೀಗ ಶೇ. 20 ಎಥನಾಲ್, ನಮ್ಮ ಪೈಪಿನ ಗತಿ?" ಕಾರ್ಬ್ಯುರೇಟರ್ ಗಾಡಿಗೆ ಒತ್ತಡದ ಚಿಂತೆ ಕಡಿಮೆ, ಆದರೆ ಹಳೇ ರಬ್ಬರಿಗೆ ಎಥನಾಲ್ ಆಗಿಬರಲ್ಲ, ಫ್ಲೋರಿನ್ ಪದರದ್ದೇ ಹಾಕಿಸಿ ಭಾವ ಎಂದೆ. "ಮೆಕ್ಯಾನಿಕ್ ತಂತಿ ಸುತ್ತಿ ಕೊಟ್ಟಿದ್ದಾನೆ" ಎಂದರು. ಆ ತಂತಿಯ ಫೋಟೊ ಕಳಿಸಿದ್ದಾರೆ, ಇಲ್ಲಿ ಹಾಕಲು ಧೈರ್ಯ ಸಾಲದು.

ಐದಕ್ಕೆ ನಾಲ್ಕು. ನನ್ನ ಕಾರಿನಲ್ಲಿ ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಮಾತ್ರ ಇನ್ನೂ 1987ರದ್ದೇ. ಏಪ್ರಿಲ್‌ನಲ್ಲಿ ಚಳಿ ಬಿಟ್ಟ ಮೇಲೆ ಅದಕ್ಕೆ ಕೈ ಹಾಕಬೇಕು.