ಕೆಪ್ಪೆಲ್ ಚಿತ್ರವೋ, ನೆಲ್ಸನ್ ಚಿತ್ರವೋ: ಅಭ್ಯಾಸಕ್ಕೆ ಯಾವುದು?

ನೌಕಾಧಿಕಾರಿಯ ಗತ್ತನ್ನು ಬಣ್ಣದಲ್ಲಿ ಹಿಡಿಯುವುದನ್ನು ಕಲಿಯಲು ಲಂಡನ್ನಿನ ಗ್ರೀನಿಚ್‌ನಲ್ಲಿರುವ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನ, ಬ್ರಿಟಿಷ್ ನೌಕಾಧಿಕಾರಿಗಳಾದ ಕೆಪ್ಪೆಲ್ ಮತ್ತು ನೆಲ್ಸನ್‌ರ ಈ ಎರಡು ಚಿತ್ರಗಳು ಎರಡು ಬೇರೆ ದಾರಿಗಳು.

ಜೋಶುವಾ ರೆನಾಲ್ಡ್ಸ್ 1752–53ರಲ್ಲಿ ಬರೆದ ಆಗಸ್ಟಸ್ ಕೆಪ್ಪೆಲ್ ಪೂರ್ಣಾಕೃತಿಯ ಚಿತ್ರ. ಆ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕೆ ರೂಢಿಯ ಕ್ಯಾನ್ವಾಸ್ 94×58 ಇಂಚು. ಇಲ್ಲಿ ಅಧಿಕಾರವಿರುವುದು ಬಟ್ಟೆಯಲ್ಲಲ್ಲ, ಮೈಯಲ್ಲಿ. ಅಪೋಲೊ ಬೆಲ್ವಡೇರ್ ಎಂಬ ಪ್ರಾಚೀನ ಶಿಲ್ಪವನ್ನು ನೆನಪಿಸುವ ನಿಲುವು, ಬಂಡೆಗಳ ನಡುವೆ ನಡಿಗೆ, ಹಿಂದೆ ಕೆರಳಿದ ಕಡಲು. 1747ರಲ್ಲಿ ಕೆಪ್ಪೆಲ್‌ನ ಮೇಡ್‌ಸ್ಟನ್ ಹಡಗು ಫ್ರೆಂಚ್ ಕರಾವಳಿಯಲ್ಲಿ ಒಡೆದುಹೋಗಿತ್ತು. ಸೋಲಿನ ನೆನಪನ್ನೇ ಧೈರ್ಯಕ್ಕೆ ಸಾಕ್ಷಿಯಾಗಿಸಿದ್ದು ಅದ್ಭುತ. ನಕಲು ಮಾಡುವಾಗ ಮೈಭಾರ ಯಾವ ಕಾಲಿನ ಮೇಲಿದೆ ಎಂಬುದು ತಪ್ಪಿದರೆ ನಡಿಗೆ ಹೋಗಿ ನಾಟಕದ ಭಂಗಿ ಉಳಿಯುತ್ತದೆ.

ಜಾನ್ ಫ್ರಾನ್ಸಿಸ್ ರಿಗೋ ಬರೆದ ನೆಲ್ಸನ್ ಚಿಕ್ಕದು, ಕಾಲುಗಳು ಪೂರ್ತಿ ಕಾಣುವುದಿಲ್ಲ. 1777ರಲ್ಲಿ ಚಿತ್ರ ಶುರುವಾದಾಗ ನೆಲ್ಸನ್ ಲೆಫ್ಟಿನೆಂಟ್. 1781ರಲ್ಲಿ ಮುಗಿಯುವಾಗ ಕ್ಯಾಪ್ಟನ್. ಹಾಗಾಗಿ ಸಮವಸ್ತ್ರವನ್ನೇ ತಿದ್ದಿ, ಹಿನ್ನೆಲೆಗೆ ಅಷ್ಟರಲ್ಲಿ ಅವನು ದಾಳಿಯಲ್ಲಿ ಪಾಲ್ಗೊಂಡಿದ್ದ ನಿಕರಾಗುವದ ಸಾನ್ ಹುವಾನ್ ಕೋಟೆಯನ್ನು ಸೇರಿಸಲಾಯಿತು. ಪದವಿ ಇಲ್ಲಿ ಜರಿಯಲ್ಲೇ ಇದೆ.

ಭುಜಪಟ್ಟಿ ಮಾತ್ರ ಸೇರಿಸಬೇಡಿ: ಬ್ರಿಟಿಷ್ ನೌಕಾಪಡೆಯಲ್ಲಿ ಅದು ಅಧಿಕೃತವಾದದ್ದು 1795ರಲ್ಲಿ. ಆಮೇಲೂ ಆ ಪದವಿಯಲ್ಲಿ ಮೂರು ವರ್ಷ ತುಂಬದ ಕ್ಯಾಪ್ಟನ್‌ಗೆ ಬಲಭುಜಕ್ಕೊಂದೇ.

ಮೈಕಟ್ಟಿನ ರೇಖೆ ಪಳಗಿದವರು ಕೆಪ್ಪೆಲ್ ಹಿಡಿಯಲಿ; ಉಳಿದವರಿಗೆ ನೆಲ್ಸನ್ನೇ ವಾಸಿ. ಜರಿಗೆ ಮೊದಲು ಹಳದಿ ಓಕರ್ (ಮಣ್ಣಿನ ಹಳದಿ), ಮಡಿಕೆಯ ನೆರಳಿಗೆ ಅಂಬರ್ (ಗಾಢ ಕಂದು ಬಣ್ಣ), ಬೆಳಕು ನೇರ ಬೀಳುವ ಕಡೆ ಮಾತ್ರ ತಿಳಿಹಳದಿಯ ಚುಕ್ಕೆ. ಉದ್ದಕ್ಕೂ ಹೊಳಪು ಕೊಟ್ಟರೆ ಕಣ್ಣು ಮುಖ ಬಿಟ್ಟು ತೋಳಿಗೆ ಹೋಗುತ್ತದೆ.