ಅಮ್ಮನ ಬಚ್ಚಲಿಗೆ ಕಮೋಡ್ ಸ್ಟೂಲ್ ಮತ್ತು ಸ್ಟೀಲ್ ಹಿಡಿಕೆ

ತುಮಕೂರಿನಲ್ಲಿ ನಮ್ಮದು ಹಳೇ ಮನೆ, ಇಂಡಿಯನ್ ಟಾಯ್ಲೆಟ್. ಅಮ್ಮನಿಗೆ ಮಂಡಿ ಸವೆದಿದೆ, ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುವುದಿಲ್ಲ. ನೆಲ ಒಡೆಸಿ ವೆಸ್ಟರ್ನ್ ಹಾಕಿಸುವ ಬದಲು ಎರಡು ಸಾಮಾನು ತಂದೆವು. ಒಂದು, ಗುಂಡಿಯ ಮೇಲೇ ಇಡುವ ಕಮೋಡ್ ಸ್ಟೂಲ್. ಇನ್ನೊಂದು, ಗೋಡೆಗೆ ಹಾಕಿಸುವ 18 ಇಂಚಿನ ಸ್ಟೀಲ್ ಹಿಡಿಕೆ.

ಹಿಡಿಕೆಗೆ ನನ್ನಿಂದ ಐದಕ್ಕೆ ಐದು. ಅಮ್ಮ ಈಗ ಯಾರನ್ನೂ ಕೂಗದೆ ತಾವೇ ಎದ್ದು ಬರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಏನೂ ಬೇಕಿರಲಿಲ್ಲ. ಆದರೆ ತಗೊಳ್ಳುವಾಗ 304 ಸ್ಟೀಲ್ ಅಂತಲೇ ಕೇಳಿ (304, 202 ಅನ್ನೋದು ಸ್ಟೇನ್‌ಲೆಸ್ ಸ್ಟೀಲಿನ ದರ್ಜೆಗಳು). ಬಚ್ಚಲಿನ ತೇವಕ್ಕೆ 202 ಬೇಗ ತುಕ್ಕು ಹಿಡಿಯುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಇಟ್ಟು, ಅಂಟಲಿಲ್ಲ ನೋಡಿ, ಇದು 304 ಅಂತಾರೆ. 202ಕ್ಕೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ! ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. ಹಿಡಿಯುವ ಜಾಗ ಸ್ವಲ್ಪ ತರಿತರಿಯಾಗಿದ್ದರೆ ಸೋಪಿನ ಕೈಯೂ ಜಾರುವುದಿಲ್ಲ.

ಎಲ್ಲಿ ಹಾಕಬೇಕು ಅನ್ನೋದನ್ನು ಪ್ಲಂಬರ್‌ಗೆ ಬಿಡಬೇಡಿ. ನಮ್ಮ ಪ್ಲಂಬರ್ ನಲ್ಲಿಯ ಸಾಲಿಗೆ ಬಂದರೆ ಚೆನ್ನಾಗಿ ಕಾಣುತ್ತೆ ಅಂದರು. ಚಂದ ಯಾರಿಗೆ ಬೇಕು? ಅಮ್ಮನನ್ನು ಸ್ಟೂಲ್ ಮೇಲೆ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲಿ ಪೆನ್ಸಿಲ್ ಗುರುತು ಹಾಕಿದೆವು. ಟೈಲ್ಸ್ ದಾಟಿ ಇಟ್ಟಿಗೆಯವರೆಗೆ ಕೊರೆದು, ಗೋಡೆಯೊಳಗೆ ಬಿಗಿಯಾಗಿ ಕಚ್ಚಿಕೊಳ್ಳುವ ಆಂಕರ್ ಬೋಲ್ಟ್ ಹಾಕಿಸಿದೆವು. ಅಮ್ಮ ಮುಟ್ಟುವ ಮೊದಲು ನಾನೇ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿದೆ.

ಟೈಲ್ಸ್‌ಗೆ ಒತ್ತಿದರೆ ಗಾಳಿ ಹೀರಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಹಿಡಿಕೆಗಳೂ ಸಿಗುತ್ತವೆ. ದಯವಿಟ್ಟು ವಯಸ್ಸಾದವರಿಗೆ ಅದನ್ನು ಕೊಡಬೇಡಿ. ಗಾಳಿ ಸ್ವಲ್ಪ ಒಳಗೆ ಸೇರಿದರೂ ಸಾಕು, ಕೈಗೇ ಕಿತ್ತು ಬರುತ್ತದೆ. ಅವರು ನಂಬಿ ಭಾರ ಹಾಕೋದೇ ಅದರ ಮೇಲೆ ಅಲ್ವಾ?

ಸ್ಟೂಲ್‌ಗೆ ಮೂರೂವರೆ. ಕಾಲಿನ ಎತ್ತರ ಹೆಚ್ಚುಕಮ್ಮಿ ಮಾಡಬಹುದು, ಅದು ಒಳ್ಳೆಯದು. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಅಷ್ಟಕ್ಕೆ ಹೊಂದಿಸಿ. ಕೆಳಗೆ ಕೊಳವೆಯಂಥ ಪ್ಲಾಸ್ಟಿಕ್ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಸುತ್ತ ಸಿಡಿಯುತ್ತದೆ. ನಮ್ಮಲ್ಲಿ ಬಚ್ಚಲ ನೆಲ ಇಳಿಜಾರು, ಒಂದು ಕಾಲು ಅಲ್ಲಾಡುತ್ತಿತ್ತು. ಅದನ್ನು ಸರಿ ಮಾಡಿಕೊಳ್ಳೋಕೆ ಒಂದಿಡೀ ಮಧ್ಯಾಹ್ನ ಹೋಯಿತು. ಕಾಲಿನ ರಬ್ಬರ್ ಬುಷ್ ಬಹಳ ಬೇಗ ಸವೆಯುತ್ತದೆ, ಸವೆದರೆ ಒದ್ದೆ ನೆಲದಲ್ಲಿ ಸ್ಟೂಲ್ ಜಾರುತ್ತದೆ. ಕೊಳ್ಳುವಾಗಲೇ ಇನ್ನೊಂದು ಸೆಟ್ ಬುಷ್ ಕೇಳಿ ತಗೊಳ್ಳಿ.